ಬಳೆ ಇಲ್ಲದ ಕೈ

ನಾನು ಮೊದಲಿನಿಂದಲೂ ಸಿಡುಕಿ. ಅದರಲ್ಲೂ ಬೆಳಗಿನ ಚಹಾ ಹೊಟ್ಟೆಗೆ ಬೀಳುವ ಮೊದಲು ಯಾರಾದರೂ ದವಾಖಾನೆಯ ಬಾಗಿಲಲ್ಲಿ ಗದ್ದಲ ಮಾಡಿದರೆ ಮೈಯೆಲ್ಲ ಉರಿಯುತ್ತದೆ. ಆ ದಿನ ತಿಕೋಟಾದ ಸರಕಾರಿ ದವಾಖಾನೆಯ ಮುಂದೆ ಒಂದು ಟ್ರಕ್ಕು ನಿಂತು ಒಂದೇ ಸಮನೆ ಹಾರ್ನ್ ಬಾರಿಸತೊಡಗಿತು. ಬೈಯುವುದಕ್ಕೆಂದೇ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ. ಟ್ರಕ್ಕಿನ ಹಿಂಭಾಗದಲ್ಲಿ ಖಾಲಿ ಗೋಣಿಚೀಲಗಳ ಮೇಲೆ ಒಂದು ಹೊರಸು ಇತ್ತು. ಆ ಹೊರಸಿಗೆ ಒಂದು ಹುಡುಗಿಯನ್ನು ಹಗ್ಗದಿಂದ ಕಟ್ಟಿದ್ದರು. ಅವಳನ್ನು ನಾನು ಬಲ್ಲೆ. ಬೈಗುಳ ಬಾಯಲ್ಲೇ ಉಳಿಯಿತು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾನು ಬಿಜಾಪುರದ ಮುಸಲ್ಮಾನರ ಮನೆಯ ಮಗಳು, ತಿಕೋಟಾದಲ್ಲಿ ನರ್ಸ್ ಆಗಿದ್ದೆ. ಬಬಲೇಶ್ವರದ ಕಡೆಗೂ ನಾನೇ ಹೋಗಬೇಕಿತ್ತು. ಸರಕಾರ ಕುಟುಂಬ ಯೋಜನೆಯ ಬೆನ್ನು ಹತ್ತಿದ್ದ ಕಾಲ. ನನ್ನ ಬಿಳಿ ಸೀರೆ ಓಣಿಯ ತುದಿಯಲ್ಲಿ ಕಂಡರೆ ಸಾಕು, ಗಂಡಸರು ಹಿತ್ತಲ ಬಾಗಿಲಿನಿಂದ ಹೊಲದ ದಾರಿ ಹಿಡಿಯುತ್ತಿದ್ದರು. ಮೀಸೆ ತಿರುವಿಕೊಂಡು ಊರೆಲ್ಲ ನಡುಗಿಸುವ ಯಜಮಾನರು ನನಗೆ ಹೆದರಿ ಕಣಿಕೆ ಬಣವೆಯ ಹಿಂದೆ ಮುದುಡಿ ಕೂತದ್ದನ್ನು ನೋಡಿ ಒಳಗೊಳಗೇ ನಕ್ಕಿದ್ದೇನೆ. ನನ್ನನ್ನು ಕಂಡು ಓಡದ ಮನೆ ಬಬಲೇಶ್ವರದಲ್ಲಿ ಒಂದಿತ್ತು. ಅದು ಹಿಟ್ಟಿನ ಗಿರಣಿಯ ಮನೆ. ಗಿರಣಿಯವನಿಗೆ ಇದ್ದವಳು ಒಬ್ಬಳೇ ಮಗಳು, ಹದಿನೈದು ಹದಿನಾರರ ಹುಡುಗಿ. ಅವಳಿಗಾಗಿ ನಾನು ಬೇಕಿದ್ದೆ.

ಹಾಲು ಕುಡಿಯುವ ವಯಸ್ಸಿನಲ್ಲಿ ದಡಾರ ಬಂದು ಜ್ವರ ತಲೆಗೇರಿ ಅವಳ ಕಣ್ಣೂ ಹೋದವು, ಕಿವಿಯೂ ಹೋದವು. ಆಮೇಲೆ ಫಿಟ್ಸ್ ಶುರುವಾದವು. ಮೊದಲ ಸಲ ಅವಳನ್ನು ಬಿಜಾಪುರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಾಗ ಕಣ್ಣಿನವರು ಕಿವಿಯವರ ಕಡೆ ಕಳಿಸಿದರು, ಕಿವಿಯವರು ಫಿಟ್ಸ್ ಇದೆಯಲ್ಲ ಎಂದು ಇನ್ನೊಬ್ಬರ ಕಡೆ ಕಳಿಸಿದರು, ಅವರು ಕಣ್ಣು ತೋರಿಸಿಕೊಂಡು ಬನ್ನಿ ಎಂದರು. ನಾನು ಬಾಯಿ ಮಾಡಿದೆ. ಅಲ್ಲಿಯ ನರ್ಸುಗಳು ನನಗೆ ತಿಕೋಟಾದ ಪಟಾಕಿ ಎಂದು ಹೆಸರಿಟ್ಟರಂತೆ, ಇಡಲಿ. ಕೊನೆಗೂ ಒಬ್ಬ ಡಾಕ್ಟರರು ಕೂತು ನೋಡಿ ಫಿಟ್ಸಿಗೆ ಗುಳಿಗೆ ಬರೆದುಕೊಟ್ಟರು. ತಾಯಿ ಪ್ರತಿ ತಿಂಗಳೂ ನನ್ನ ಕಡೆಯಿಂದ ಗುಳಿಗೆ ಒಯ್ಯುತ್ತಿದ್ದಳು. ಬೆಲ್ಲದ ಉಂಡೆಯೊಳಗೆ ಇಟ್ಟು ದಿನಾ ಮುಚ್ಚಂಜೆಗೆ ತನ್ನ ಕೈಯಿಂದಲೇ ಮಗಳ ಬಾಯಿಗೆ ಹಾಕುತ್ತಿದ್ದಳು. ಫಿಟ್ಸ್ ನಿಂತಿದ್ದವು.

ಗಿರಣಿಯ ಗೋಡೆಗೆ ಬೆನ್ನು ಹಚ್ಚಿ ಕೂರುವುದೆಂದರೆ ಆ ಹುಡುಗಿಗೆ ಬಲು ಇಷ್ಟ. ಕಲ್ಲು ತಿರುಗುವುದು ಅವಳ ಬೆನ್ನಿಗೆ ತಿಳಿಯುತ್ತಿತ್ತು. ಯಾರು ಬಂದರೂ ಮೊದಲು ಮಣಿಕಟ್ಟು ಹಿಡಿದು ನೋಡುವುದು ಅವಳ ರೂಢಿ. ನನ್ನ ವಾಚಿನ ಪಟ್ಟಿ ಕೈಗೆ ಹತ್ತಿದ ಕೂಡಲೇ ನೂಕುತ್ತಿದ್ದಳು, ನಾನೆಂದರೆ ಸೂಜಿ ಎಂದು ಅವಳ ಲೆಕ್ಕ. ಅಪ್ಪ ಬೇಕೆಂದರೆ ಹೆಬ್ಬೆರಳಿಗೆ ಬೆರಳು ತಿಕ್ಕಿ ತೋರಿಸುತ್ತಿದ್ದಳು. ಹಿಟ್ಟು ಸಣ್ಣಗೆ ಬಂದಿದೆಯೋ ಇಲ್ಲವೋ ಎಂದು ಅವನು ಹಾಗೆ ತಿಕ್ಕಿ ನೋಡುತ್ತಿದ್ದ.

ಆ ಗಿರಣಿಯವನು ಕೆಲವು ದಿನಗಳ ಹಿಂದೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ ಎಂಬ ಸುದ್ದಿ ನನಗೂ ಬಂದಿತ್ತು. ಈಗ ಟ್ರಕ್ಕಿನಿಂದ ಇಳಿದವನು ಅವನ ತಮ್ಮ, ಹುಡುಗಿಯ ಕಾಕಾ. ಮುಖ ಬೂದಿಯಾಗಿತ್ತು.

"ಬಾಯಾರ, ಹುಡುಗಿಗೆ ಹುಚ್ಚ ಹಿಡದೈತ್ರಿ. ಅಣ್ಣ ಸತ್ತ ದಿನದಿಂದ ಹಿಂಗ ಮಾಡಾಕತ್ತಾಳ. ಹೆತ್ತವ್ವನ್ನ ಕಚ್ಚತಾಳ, ಒದಿತಾಳ. ತುತ್ತ ಬಾಯಾಗ ಇಟ್ರ ಉಗುಳತಾಳ."

"ಗುಳಗಿ?"

"ಅದನ್ನೂ ಉಗುಳ್ಯಾಳ್ರಿ. ನಸಿಕಿನ್ಯಾಗಿಂದ ಫಿಟ್ಸ್ ಮ್ಯಾಲ ಫಿಟ್ಸ್ ಬರಾಕತ್ತಾವು."

ಆ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ ಎಂದು ತಾಯಿಗೆ ಎಷ್ಟೋ ಸಲ ಹೇಳಿದ್ದೆ. ನಿಂತಿದ್ದ ಫಿಟ್ಸ್ ಎಲ್ಲ ಒಟ್ಟಿಗೇ ಬರುತ್ತವೆ, ನಡುವೆ ಉಸಿರಾಡಲೂ ಬಿಡುವುದಿಲ್ಲ. ನಮ್ಮ ಡಾಕ್ಟರರು ಟ್ರಕ್ಕಿನ ಮೇಲೆ ಹತ್ತಿಯೇ ಇಂಜೆಕ್ಷನ್ ಕೊಟ್ಟು, ತಡ ಮಾಡಬೇಡಿ, ಬಿಜಾಪುರಕ್ಕೆ ನಡೆಯಿರಿ ಎಂದರು. ನಾನು ಬುರ್ಖಾ ಇದ್ದ ಚೀಲ ಹೆಗಲಿಗೆ ಹಾಕಿಕೊಂಡು ಹತ್ತಿ ಕೂತೆ. ತಿಕೋಟಾದಲ್ಲಿ ಬಿಳಿ ಸೀರೆ, ಬಿಜಾಪುರದಲ್ಲಿ ಬುರ್ಖಾ, ಇದು ನಮ್ಮ ಅಬ್ಬಾ ನನಗೆ ನೌಕರಿ ಮಾಡಲು ಬಿಡುವಾಗ ಹಾಕಿದ್ದ ಒಪ್ಪಂದ.

ದಾರಿಯಲ್ಲಿ ಮತ್ತೆ ಫಿಟ್ಸ್ ಬಂದವು. ಹಗ್ಗ ಬಿಚ್ಚಿ ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ಒರೆಸುತ್ತ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ತುಟಿ ನೀಲಿಯಾಗುತ್ತಿದ್ದವು. ಅವಳ ಅಜ್ಜಿ, ಅಂದರೆ ಸತ್ತವನ ತಾಯಿ, ಎರಡೂ ಕಾಲನ್ನು ಗಟ್ಟಿಯಾಗಿ ಹಿಡಿದಿದ್ದಳು. ಒಣಗಿದ ಮುಖದ, ಮಾತು ಕಡಿಮೆಯ ಮುದುಕಿ ಅವಳು. ಹುಡುಗಿಯ ತಾಯಿ ಮಾತ್ರ ಮೂಲೆಯಲ್ಲಿ ಕೂತಿದ್ದಳು. ಸೆರಗು ಮುಖದ ಮೇಲೆ ಎಳೆದುಕೊಂಡು, ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಮಗಳನ್ನು ಮುಟ್ಟಲೂ ಇಲ್ಲ. ನನಗೆ ಸಿಟ್ಟು ಬಂತು, ಗಂಡ ಸತ್ತ ದುಃಖ ಇರಲಿ, ಎದುರಿಗೆ ಮಗಳು ಸಾಯುತ್ತಿದ್ದಾಳಲ್ಲ ಎಂದು.

ಬಿಜಾಪುರದಲ್ಲಿ ಮಧ್ಯಾಹ್ನದ ಹೊತ್ತಿಗೆ ಇಂಜೆಕ್ಷನ್ನುಗಳಿಂದ ಫಿಟ್ಸ್ ನಿಂತವು. ಅಷ್ಟಕ್ಕೇ ನಾನು ಅಲ್ಲಾಹನಿಗೆ ಶುಕ್ರ್ ಹೇಳಿದೆ, ಆದರೆ ಅವಸರ ಮಾಡಿದ್ದೆ. ಅಮಲು ಇಳಿದು ಎಚ್ಚರವಾದ ಕೂಡಲೇ ಹುಡುಗಿ ಕೂಗತೊಡಗಿದಳು. ಆ ಕೂಗಿಗೆ ವಾರ್ಡಿನ ಬೇರೆ ಮಂಚದವರೆಲ್ಲ ಎದ್ದು ಕೂತರು. ಗುಳಿಗೆ ಕೊಡಲು ಹೋದ ಆಯಾಳ ಬೆರಳಿಗೆ ಹಲ್ಲು ನೆಟ್ಟವು. ಮೂಗಿನಿಂದ ಹಾಕಿದ ನಳಿಗೆಯನ್ನು ಕಿತ್ತೆಸೆದಳು. ಕಡೆಗೆ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಕಟ್ಟಿದವರಲ್ಲಿ ನಾನೂ ಒಬ್ಬಳು, ಬೇರೆ ದಾರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರರು ನನ್ನನ್ನು ಹೊರಗೆ ಕರೆದರು. ಒಳ್ಳೆಯ ಮನುಷ್ಯ, ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿದ್ದವು.

"ಸಿಸ್ಟರ್, ಇಂಜೆಕ್ಷನ್ ಮೇಲೆ ಎಷ್ಟಂತ ಇಡೋದು? ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಬಾಯಿಂದ ಗುಳಿಗೆ ಹೋಗಬೇಕು, ಅನ್ನ ಹೋಗಬೇಕು. ಹೋಗದಿದ್ದರೆ ಮತ್ತೆ ಫಿಟ್ಸ್ ಬರುತ್ತವೆ, ಯಾವುದೋ ಒಂದರಲ್ಲಿ ಹುಡುಗಿ ಕೈಬಿಟ್ಟು ಹೋಗುತ್ತಾಳೆ. ಮಧ್ಯಾಹ್ನ ಹನ್ನೆರಡಕ್ಕೆ ಇನ್ನೊಬ್ಬ ಪೇಷಂಟನ್ನು ಕರೆದುಕೊಂಡು ಧಾರವಾಡಕ್ಕೆ ಗಾಡಿ ಹೋಗುತ್ತದೆ. ಅದರಲ್ಲೇ ಇವಳನ್ನೂ ಕಳಿಸೋಣ. ಅವರ ಕಾಕಾ ಒಪ್ಪಿದ್ದಾನೆ."

ನಮ್ಮ ಕಡೆ ಧಾರವಾಡಕ್ಕೆ ಕಳಿಸುವುದು ಎಂದರೆ ಸಣ್ಣ ಮಕ್ಕಳಿಗೂ ಅರ್ಥವಾಗುತ್ತದೆ. ಅಲ್ಲಿ ಹುಚ್ಚರ ದವಾಖಾನೆ ಇದೆ. ಅದರ ಬಗ್ಗೆ ನನಗೆ ದೂರಿಲ್ಲ, ಅಲ್ಲಿಗೆ ಹೋಗಿ ಗುಣವಾಗಿ ಬಂದವರನ್ನು ಕಂಡಿದ್ದೇನೆ. ಆದರೆ ಈ ಹುಡುಗಿಯ ಕೈಮಾತು ಅಲ್ಲಿ ಯಾರಿಗೆ ಬರುತ್ತದೆ? ಕತ್ತಲೆಯಲ್ಲಿ, ಗುರುತಿಲ್ಲದ ಕೈಗಳ ನಡುವೆ, ಬಾಯಿ ಬಿಗಿದುಕೊಂಡೇ ಅವಳು ಸತ್ತುಹೋಗುತ್ತಾಳೆ ಎಂದು ನನಗೆ ಖಾತ್ರಿ ಇತ್ತು. ವರಾಂಡದಲ್ಲಿ ಬೀಡಿ ಸೇದುತ್ತ ನಿಂತಿದ್ದ ಕಾಕಾನ ಮೇಲೆ ಹರಿಹಾಯ್ದೆ.

"ಅಲ್ಲಿ ಆಕಿ ಕೈಮಾತ ತಿಳಕೊಳ್ಳಾವ್ರು ಯಾರ ಅದಾರಪಾ? ನೀ ಹೋಗಿ ಕುಂಡರತೀಯೇನು?"

"ಸಿಟ್ಟ ಮಾಡಬ್ಯಾಡ್ರಿ ಬಾಯಾರ. ನನಗೂ ಬರೂದಿಲ್ಲ ಆಕಿ ಮಾತು. ಅಣ್ಣಗ ಬರತಿತ್ತು, ಅವನ ಹೇಂತಿ ನಮ್ಮ ವೈನಿಗೆ ಬರತೈತಿ. ಈಗ ವೈನಿನ್ನೂ ಹತ್ತರ ಬರಗೊಡವಲ್ಲಳು. ಮನ್ಯಾಗ ಸಣ್ಣ ಸಣ್ಣ ಹುಡುಗೂರ ಅದಾವ್ರಿ, ನಾ ಏನ ಮಾಡ್ಲಿ?"

ಅವನ ಕಣ್ಣಲ್ಲಿ ನೀರಿತ್ತು. ಬೈಯಲು ಇನ್ನೂ ಬೇಕಾದಷ್ಟು ಕೂಡಿಟ್ಟುಕೊಂಡಿದ್ದೆ, ಆದರೆ ಅಳುವವನನ್ನು ಬೈಯುವುದು ನನಗೆ ಆಗುವುದಿಲ್ಲ. ಒಳಗೆ ಹೋಗಿ ಹುಡುಗಿಯ ಮಂಚದ ಹತ್ತಿರ ನಿಂತೆ. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಆದರೂ ಬಿಟ್ಟಿರಲಿಲ್ಲ. ಎಡಗಣ್ಣಿನ ರೆಪ್ಪೆ ಅದುರತೊಡಗಿತ್ತು. ಮತ್ತೆ ಫಿಟ್ಸ್ ಬರುವ ಸೂಚನೆ ಅದು. ಗಡಿಯಾರ ಹತ್ತು ದಾಟಿತ್ತು.

ಪಕ್ಕದ ಮಂಚದಲ್ಲಿ ಯಾರೋ ಬಾಣಂತಿ. ಅವಳ ಅಕ್ಕ ನೀರು ತರಲೆಂದು ತಂಬಿಗೆ ಹಿಡಿದು ಎರಡು ಮಂಚಗಳ ನಡುವಿನ ಸಂದಿಯಲ್ಲಿ ಹಾದುಹೋದಳು. ಹೋಗುವಾಗ ಅವಳ ಕೈ ಹುಡುಗಿಯ ಕಟ್ಟಿದ ಕೈಗೆ ತಾಗಿತು. ಹುಡುಗಿ ಗಪ್ಪನೆ ಆ ಮಣಿಕಟ್ಟು ಹಿಡಿದಳು. ಕೂಗು ನಿಂತಿತು. ಆ ಹೆಂಗಸು ಹೆದರಿ ನಿಂತಲ್ಲೇ ನಿಂತಳು. ಹುಡುಗಿಯ ಬೆರಳುಗಳು ಅವಳ ಗಾಜಿನ ಬಳೆಗಳ ಮೇಲೆ ಹತ್ತಿ ಇಳಿದವು, ಮತ್ತೆ ಹತ್ತಿದವು. ಒಂದೊಂದನ್ನೇ ಬೇರೆ ಮಾಡಿ ಮುಟ್ಟಿ ನೋಡಿದವು. ಆ ಹೆಂಗಸು ಗಾಜಿನ ಬಳೆಗಳ ಜೊತೆಗೆ ಬೆಳ್ಳಿಯ ಅಗಲ ಬಳೆ ಪಾಟಲಿಯನ್ನೂ ಹಾಕಿದ್ದಳು. ಅದು ಬೆರಳಿಗೆ ಸಿಕ್ಕ ಕೂಡಲೇ ಹುಡುಗಿ ಕೈ ಬಿಟ್ಟುಬಿಟ್ಟಳು. ಮತ್ತೆ ಅದೇ ಕೂಗು.

ನಾನು ತಿರುಗಿ ತಾಯಿಯನ್ನು ನೋಡಿದೆ. ಗೋಡೆಗೆ ಒರಗಿ ಕೂತಿದ್ದಳು, ಕೈ ಸೆರಗಿನೊಳಗೆ. ರಟ್ಟೆ ಹಿಡಿದು ಎಬ್ಬಿಸಿ ವರಾಂಡದ ತುದಿಗೆ ಎಳೆದುಕೊಂಡು ಹೋದೆ.

"ಕೈ ತೋರಸು."

ತೋರಿಸಿದಳು. ಬರಿಗೈ. ಮಣಿಕಟ್ಟಿನ ಸುತ್ತ ಗಾಜು ಗೀರಿದ ಗಾಯಗಳು ಇನ್ನೂ ಹಕ್ಕಳೆಗಟ್ಟಿದ್ದವು. ಅದರ ಮೇಲೆ ಮಗಳ ಹಲ್ಲಿನ ಗುರುತು.

"ಆಕಿ ನಿನ್ನ ಗುರತ ಹಿಡಿಯೂದು ಬಳಿ ಮ್ಯಾಲ ಹೌದಲ್ಲೊ?"

"ಹೌದ್ರಿ ಬಾಯಾರ." ಅವಳು ಕೆಳಗೆ ನೋಡುತ್ತಲೇ ಹೇಳಿದಳು. "ನನಗ ಗೊತ್ತೈತಿ. ಮದಲನೇ ದಿನದಿಂದ ಗೊತ್ತೈತಿ."

ನಡೆದದ್ದನ್ನೆಲ್ಲ ಅವಳೇ ಹೇಳಿದಳು. ಹೆಣ ಎತ್ತುವ ಮೊದಲು ಓಣಿಯ ಹೆಂಗಸರು ಕೂಡಿಸಿಕೊಂಡು ಬಳೆ ಒಡೆದರು, ತಾಳಿ ತೆಗೆದರು, ಮೂಗುಬೊಟ್ಟನ್ನೂ ತೆಗೆದರು. ಎಲ್ಲರ ಮನೆಯಲ್ಲೂ ನಡೆಯುವುದೇ. ಸಂಜೆ ಮಗಳು ಬಂದು ಕೈ ಹಿಡಿದಳು.

"ಕೈ ಮುಟ್ಟಿ ಅತ್ತಿ ಅಂತ ತಿಳಕೊಂಡ್ಳು. ಬರಿಗೈ ಅಂದ್ರ ಆಕಿಗೆ ಅಜ್ಜಿ. ನಾ ಆಕಿ ಕೈ ಒಯ್ದು ನನ್ನ ಮಾರಿ ಮ್ಯಾಲ ಇಟ್ಟೆ. ಮೂಗ ನೋಡಿದ್ಳು, ಕೊಳ್ಳ ನೋಡಿದ್ಳು, ಏನೂ ಇಲ್ಲ. ತಲಿಗೆ ಎಣ್ಣಿ ಇಲ್ಲ, ವಾಸನಿನೂ ನಂದಲ್ಲ. ನನ್ನ ನೂಕಿ, ಗೋಡಿ ಹಿಡಕೊಂಡು ಮನಿಯೆಲ್ಲಾ ನನ್ನ ಹುಡಕಿದ್ಳ್ರಿ. ನಾ ಹಿಂದ ಹಿಂದ ಹೋದೆ. ಹತ್ತರ ಹೋದ್ರ ಕಚ್ಚತಾಳ. ಅವ್ವನ್ನ ಯಾರೋ ಒಯ್ದಾರ, ಅವ್ವನ ಜಾಗಾಕ್ಕ ಈಕಿ ಬಂದಾಳ ಅಂತ ತಿಳದಾಳ."

"ಮತ್ತ ಬಾಯಿ ಬಿಟ್ಟ ಹೇಳಾಕ ಏನಾಗಿತ್ತ ನಿನಗ?"

"ಏನಂತ ಹೇಳ್ಲಿರಿ? ಗಂಡನ್ನ ಮಣ್ಣಿಗಿಟ್ಟ ಬಂದಾಕಿ ಬಳಿ ಬೇಡಾಕತ್ತಾಳ ಅಂದ್ರ ಮಂದಿ ಏನಂತಾರ? ಅತ್ತಿ ಮುಂದ ಆ ಮಾತ ಹೆಂಗ ಆಡ್ಲಿ?"

ಅವಳನ್ನು ಅಲುಗಾಡಿಸಿಬಿಡಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಹೊತ್ತಿರಲಿಲ್ಲ. "ಹನ್ನೆರಡಕ್ಕ ಗಾಡಿ ಐತಿ. ಮಂದಿ ಬೇಕೋ ಮಗಳ ಬೇಕೋ ಈಗ ಹೇಳು," ಎಂದೆ. ಅವಳು ನನ್ನ ಮುಖ ನೋಡಿದಳು. ಮೆಟ್ಟಿಲಿನ ಕಡೆ ನಡೆದಳು.

ಆದರೆ ಬಿಳಿ ಹಣೆಯ ಹೆಂಗಸು ಬಳೆಯಂಗಡಿಯಲ್ಲಿ ಕೂತರೆ ಸುತ್ತ ಸಂತೆ ಕೂಡುತ್ತದೆ. ಅದರಲ್ಲೂ ಬಬಲೇಶ್ವರದವರು ದಿನಾ ಒಬ್ಬರಾದರೂ ಗಾಂಧಿ ಚೌಕಿಗೆ ಬಂದೇ ಇರುತ್ತಾರೆ. ನನ್ನ ಚೀಲದಿಂದ ಬುರ್ಖಾ ತೆಗೆದು ಅವಳಿಗೆ ತೊಡಿಸಿದೆ. ನಮ್ಮ ಅಬ್ಬಾನ ಒಪ್ಪಂದ ಆ ದಿನ ಒಂದೆರಡು ತಾಸು ಮುರಿಯಿತು, ಮುಖ ಮುಚ್ಚದೆ ಬಿಜಾಪುರದ ಬಜಾರಿನಲ್ಲಿ ಟಾಂಗಾದ ಮೇಲೆ ಕೂತೆ. ಕುದುರೆಗೆ ಅವಸರವೆಂಬುದು ಗೊತ್ತೇ ಇರಲಿಲ್ಲ. ಚೌಕಿನ ಹತ್ತಿರ ಜೋಳದ ಚೀಲದ ಬಂಡಿಗಳು ಅಡ್ಡ ನಿಂತಿದ್ದವು. ಟಾಂಗಾದವನು ಬಂಡಿಯವರೊಡನೆ ಸುಖದುಃಖ ಮಾತಾಡತೊಡಗಿದ. ನಾವು ಇಳಿದು ಓಡಿದೆವು. ಅವಳು ಬುರ್ಖಾದ ಅಂಚು ತುಳಿದು ಮುಗ್ಗರಿಸಿದಾಗ ಎತ್ತಿ ನಿಲ್ಲಿಸಿ ಮತ್ತೆ ಎಳೆದುಕೊಂಡು ಹೋದೆ.

ಬಳೆಗಾರ ನಮ್ಮವನೇ, ವಯಸ್ಸಾದವನು. ಹಸಿರು ಗಾಜಿನವು ಬೇಕು, ಎರಡೂ ಕೈಗೆ, ಬೇಗ ಎಂದೆ. ಅವನು ನಗುತ್ತ ಬುರ್ಖಾದ ತೋಳಿನಿಂದ ಹೊರಗೆ ಬಂದ ಕೈಯನ್ನು ಹಿಡಿದು, ಮೆತ್ತಗೆ ಒತ್ತಿ ಅಳತೆ ನೋಡಿದ. ಮರುಗಳಿಗೆ ಅವನ ನಗು ಹೋಯಿತು. ಕೈಯನ್ನು ಬಿಟ್ಟು, ಎತ್ತಿಕೊಂಡಿದ್ದ ಬಳೆಗಳನ್ನು ಗಾದಿಯ ಮೇಲೆ ಇಟ್ಟ.

"ಇದು ಬಳಿ ಒಡದ ಗಾಯ," ಎಂದ ಸಣ್ಣ ದನಿಯಲ್ಲಿ. "ಇನ್ನ ಹಸೀದೈತಿ."

ಸುಳ್ಳು ಹೇಳಲು ಬಾಯಿ ತೆರೆದೆ, ಆದರೆ ಬುರ್ಖಾದೊಳಗಿನಿಂದ ಅವಳೇ ಹೇಳಿಬಿಟ್ಟಳು. ಮಗಳು, ಕಣ್ಣು, ಕಿವಿ, ಗಾಡಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬಡಬಡಿಸಿದಳು. ಬಳೆಗಾರ ಕೇಳಿದ. ಕೇಳಿ ತಲೆ ಅಲ್ಲಾಡಿಸಿದ.

"ನಾ ಇಡಂಗಿಲ್ಲ ತಂಗಿ. ನನ್ನ ಕೈಗುಣ ಚಲೋ ಐತಿ ಅಂತ ಊರ ಹೆಣ್ಮಕ್ಕಳು, ಮದಿಮಕ್ಕಳು ನನ್ನ ಕಡೆ ಬರತಾರ. ಇದ ಗೊತ್ತಾದ್ರ ನಾಳಿ ಒಬ್ಬಾಕಿನೂ ಬರೂದಿಲ್ಲ." ಆದರೂ ಬಳೆಗಳನ್ನು ನನ್ನ ಕಡೆ ಸರಿಸಿದ. "ನೀವ ಇಟಗೋರಿ. ನಾ ನೋಡಿಲ್ಲ." ಹೀಗೆಂದವನು ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ.

ಬಳೆ ಇಡುವುದು ನೋಡಲು ಸುಲಭ. ನಾನು ಎಷ್ಟೋ ಹೆರಿಗೆ ಮಾಡಿಸಿದ್ದೇನೆ, ಆದರೆ ಒಂದು ಹೆಂಗಸಿನ ಕೈಗೆ ಗಾಜಿನ ಬಳೆ ಏರಿಸಲು ಬರಲಿಲ್ಲ. ಮೊದಲನೆಯದು ಗೆಣ್ಣಿನ ಮೇಲೆಯೇ ಮುರಿಯಿತು. ಇನ್ನೊಂದೂ ಮುರಿಯಿತು. ಹಳೆಯ ಗಾಯ ಬಿರಿದು ರಕ್ತ ಬಂತು. ಗೋಡೆಯ ಕಡೆ ಕೂತವನು ಗಾಜಿನ ಸದ್ದು ಕೇಳಿದಾಗಲೆಲ್ಲ ಹಲ್ಲುಕಚ್ಚುತ್ತಿದ್ದ. ಕಡೆಗೆ ತಡೆಯಲಾರದೆ, ತಿರುಗದೆಯೇ, "ಹೆಬ್ಬಟ್ಟ ಒಳಗ ಮಡಚರಿ, ಎಲುಬ ಒತ್ತಿ ಹಿಡೀರಿ," ಎಂದು ಗೊಣಗಿದ. ಹಾಗೆ ಮಾಡಿದಾಗ ಏರಿದವು. ಎದ್ದು ನಿಂತವಳು ಬಳೆ ಇಟ್ಟವನಿಗೆ ಮಾಡುವ ರೂಢಿಯ ನಮಸ್ಕಾರವನ್ನು ಅವನ ಬೆನ್ನಿಗೇ ಮಾಡಿದಳು.

ದವಾಖಾನೆಗೆ ಬಂದಾಗ ಗಾಡಿ ಬಾಗಿಲಿಗೆ ಹಚ್ಚಿ ನಿಂತಿತ್ತು. ಕಾಕಾ ಕೈಯಲ್ಲಿ ಹುಡುಗಿಯ ಬಟ್ಟೆಯ ಗಂಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಬುರ್ಖಾದ ಹೆಂಗಸನ್ನು ನೋಡಿ ಮರ್ಯಾದೆಯಿಂದ ಬದಿಗೆ ಸರಿದು, "ಹೋಗ್ರಿ, ಹೋಗ್ರಿ," ಎಂದು ತನ್ನ ವೈನಿಗೇ ದಾರಿ ಬಿಟ್ಟ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇಬ್ಬರೂ ಒಳಗೆ ಓಡಿದೆವು. ವಾರ್ಡಿನಲ್ಲಿ ಹುಡುಗಿಯ ಕೂಗು ನಿಂತಿತ್ತು. ಮುಖದ ಒಂದು ಕಡೆ ಎಳೆಯತೊಡಗಿತ್ತು, ಆಯಾ ಮಂಚದಿಂದ ಬ್ಯಾಂಡೇಜ್ ಬಿಚ್ಚುತ್ತಿದ್ದಳು, ಗಾಡಿಗೆ ಒಯ್ಯಲು.

ತಾಯಿ ಮಂಚದ ಹತ್ತಿರ ಹೋಗಿ ಬುರ್ಖಾವನ್ನು ತಲೆಯಿಂದ ಎತ್ತಿ ತೆಗೆದಳು. ಬಳೆಗಳು ಸದ್ದು ಮಾಡಿದವು. ಮಂಚದ ಆ ಕಡೆ ಕೂತಿದ್ದ ಅಜ್ಜಿ ತಲೆ ಎತ್ತಿದಳು. ಸೊಸೆಯ ಮುಖ ನೋಡಲಿಲ್ಲ, ಕೈಗಳನ್ನೇ ನೋಡಿದಳು.

"ನನ್ನ ಮಗನ ಕುಣಿ ಮಣ್ಣ ಇನ್ನ ಆರಿಲ್ಲ," ಎಂದಳು. "ಆಗಲೇ ಬಳಿ ಇಟಗೊಂಡ ಬಂದೇನ ಬೇ?"

ಉತ್ತರ ಕೊಡಲು ನಾನು ತಯಾರಿದ್ದೆ, ಆದರೆ ಸೊಸೆ ನನ್ನ ಕಡೆ ನೋಡಲೇ ಇಲ್ಲ. ಬಗ್ಗಿ ತನ್ನ ಬಲಗೈಯನ್ನು ಮಗಳ ಬೆರಳುಗಳ ಕೆಳಗೆ ಇಟ್ಟಳು. ಬೆರಳು ಬಳೆಗೆ ತಾಗಿದವು. ಹುಡುಗಿ ಮಣಿಕಟ್ಟನ್ನು ಹಿಡಿದಳು. ಮುಟ್ಟಿದಳು, ಬಿಟ್ಟಳು, ಮತ್ತೆ ಹಿಡಿದಳು. ಪಾಟಲಿ ಇದೆಯೇ ಎಂದು ಹುಡುಕಿದಳು, ಇರಲಿಲ್ಲ. ಇನ್ನೊಂದು ಕೈಯನ್ನೂ ಎಳೆದುಕೊಂಡು ನೋಡಿದಳು. ಆಮೇಲೆ ಎರಡೂ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವಳ ಗಂಟಲಿನಿಂದ ಬಂದ ಸಣ್ಣ ಸದ್ದನ್ನು ನಾನು ಗಿರಣಿಯ ಮನೆಯಲ್ಲಿ ಕೇಳಿದ್ದೆ, ತಾಯಿಯ ಮಡಿಲಲ್ಲಿ ಮಲಗಿದಾಗ ಅವಳು ಮಾಡುವ ಸದ್ದು ಅದು.

"ಬೆಲ್ಲ!" ಎಂದೆ ನಾನು. ಯಾರೋ ಬಾಣಂತಿಯ ಬುಟ್ಟಿಯಿಂದ ಬೆಲ್ಲ ಕೊಟ್ಟರು. ತಾಯಿ ಗುಳಿಗೆಯನ್ನು ಅದರಲ್ಲಿ ಅಮುಕಿ ಬಾಯಿಗೆ ಇಟ್ಟಳು. ಹುಡುಗಿ ನುಂಗಿದಳು. ಇನ್ನೊಂದು ಉಂಡೆಯನ್ನೂ ನುಂಗಿದಳು. ಹಿಂದೆ ಬಂದು ನಿಂತಿದ್ದ ಡಾಕ್ಟರರು ನಾಡಿ ಹಿಡಿದು, ಒಂದು ಇಂಜೆಕ್ಷನ್ ಹೇಳಿ, ಬಾಗಿಲ ಕಡೆ ತಿರುಗಿ ಗಾಡಿಯವನಿಗೆ ಹೋಗು ಎಂದು ಕೈಮಾಡಿದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅಳು ಬಂತು, ಅತ್ತುಬಿಟ್ಟೆ, ಯಾರು ನೋಡಿದರೇನು.

ಅಷ್ಟಕ್ಕೇ ಮುಗಿಯಲಿಲ್ಲ. ನಾಲ್ಕು ತುತ್ತು ಉಂಡ ಮೇಲೆ ಹುಡುಗಿ ಕೈ ಎತ್ತಿ ಹೆಬ್ಬೆರಳಿಗೆ ಬೆರಳು ತಿಕ್ಕಿದಳು. ಅಪ್ಪ ಎಲ್ಲಿ? ಉತ್ತರ ಬಾರದಿದ್ದಾಗ ಮತ್ತೆ ತಿಕ್ಕಿದಳು, ಮಂಚದ ಸುತ್ತ ಗಾಳಿಯಲ್ಲಿ ಕೈಯಾಡಿಸಿ ಹುಡುಕಿದಳು. ಅಪ್ಪ ಸತ್ತದ್ದನ್ನು ಆ ಮನೆಯಲ್ಲಿ ನೆರೆಹೊರೆಗೆ ಹೇಳಿದ್ದರು, ದೂರದ ನೆಂಟರಿಗೆ ಹೇಳಿಕಳಿಸಿದ್ದರು. ಅವಳಿಗೆ ಯಾರೂ ಹೇಳಿರಲಿಲ್ಲ. ಗೋಡೆ ನಡುಗುವುದು ನಿಂತಿತ್ತು, ಅವ್ವ ಕಳೆದುಹೋಗಿದ್ದಳು, ಯಾಕೆ ಎಂದು ತಿಳಿಯದೆ ಇಷ್ಟು ದಿನ ಕೂಗಿದ್ದಳು.

ತಾಯಿ ಅತ್ತೆಯ ಮುಖ ನೋಡಿದಳು. ನೋಡುತ್ತಲೇ ತನ್ನ ಎಡಗೈಯನ್ನು ಎತ್ತಿ ಮಂಚದ ಕಬ್ಬಿಣದ ಪಟ್ಟಿಗೆ ಬಡಿದಳು. ಬಳೆಗಳು ಒಡೆದವು. ಮತ್ತೆ ಬಡಿದಳು, ಒಂದೂ ಉಳಿಯಲಿಲ್ಲ. ಮಗಳ ಒಂದು ಕೈಯನ್ನು ಬಳೆ ಇರುವ ಬಲಗೈಯ ಮೇಲೆ ಇಟ್ಟಳು, ಇನ್ನೊಂದನ್ನು ಬರಿದಾದ ಎಡಗೈಯ ಮೇಲೆ. ಹುಡುಗಿ ಹುಬ್ಬುಗಂಟಿಕ್ಕಿ ಎರಡನ್ನೂ ಮುಟ್ಟಿ ನೋಡಿದಳು. ಅವ್ವನ ಕೈ ಇದು, ಹಾಗಾದರೆ ಇದು?

ಆಗ ಅಜ್ಜಿ ಎದ್ದಳು. ನಾನು ನಡುವೆ ಹೋಗಲೆಂದು ಎದ್ದೆ, ಮುದುಕಿ ಏನು ಮಾಡುವಳೋ ಎಂಬ ಹೆದರಿಕೆ. ಅವಳು ನನ್ನನ್ನು ಬದಿಗೆ ಸರಿಸಿ, ಎಷ್ಟೋ ವರ್ಷಗಳಿಂದ ಬಳೆ ಕಾಣದ ತನ್ನ ಕೈಯನ್ನು ಮೊಮ್ಮಗಳ ಕೈಗೆ ಕೊಟ್ಟಳು. ಹುಡುಗಿ ಅಜ್ಜಿಯ ಬರಿಗೈ ಮುಟ್ಟಿದಳು, ಅವ್ವನ ಬರಿಗೈ ಮುಟ್ಟಿದಳು. ಅಜ್ಜಿ ಮೊಮ್ಮಗಳ ಬೆರಳುಗಳನ್ನು ಹಿಡಿದು ಹಿಟ್ಟು ತಿಕ್ಕಿದ ಹಾಗೆ ತಿಕ್ಕಿಸಿದಳು, ಆಮೇಲೆ ಅವಳ ಅಂಗೈಯ ಮೇಲೆ ತನ್ನ ಅಂಗೈಯನ್ನು ಜಾರಿಸಿದಳು. ಹಿಟ್ಟು ತೀರಿದರೆ, ರೊಟ್ಟಿ ತೀರಿದರೆ ಅವರ ಮನೆಯಲ್ಲಿ ಹುಡುಗಿಗೆ ಹೇಳುತ್ತಿದ್ದದ್ದು ಹಾಗೆ. ಇನ್ನಿಲ್ಲ.

ಹುಡುಗಿ ತಾನೇ ಒಮ್ಮೆ ಅಂಗೈಯ ಮೇಲೆ ಅಂಗೈ ಜಾರಿಸಿ ನೋಡಿದಳು. ಆಮೇಲೆ ಅತ್ತಳು. ಕೂಗಲಿಲ್ಲ, ಕಚ್ಚಲಿಲ್ಲ, ಅಪ್ಪ ಸತ್ತ ಮಕ್ಕಳೆಲ್ಲ ಅಳುವಂತೆ ಅತ್ತಳು. ಅವಳ ಜೊತೆಗೆ ಆ ಇಬ್ಬರು ಹೆಂಗಸರೂ ಅತ್ತರು. ಬಾಗಿಲಲ್ಲಿ ನಿಂತಿದ್ದ ಕಾಕಾ ಬಟ್ಟೆಯ ಗಂಟನ್ನು ಕೆಳಗಿಟ್ಟು ಒಳಗೆ ಬಂದ.

ಮುಂದಿನ ತಿಂಗಳು ನಾನು ಬಬಲೇಶ್ವರಕ್ಕೆ ಗುಳಿಗೆ ತೆಗೆದುಕೊಂಡು ಹೋದೆ. ಗಿರಣಿಯನ್ನು ಕಾಕಾ ನಡೆಸುತ್ತಿದ್ದ, ಹುಡುಗಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅವಳ ತಾಯಿಯ ಬಲಗೈಯಲ್ಲಿ ಹಸಿರು ಬಳೆಗಳಿದ್ದವು, ಎಡಗೈ ಬರಿದಾಗಿತ್ತು. ಜೋಳ ಬೀಸಿಸಲು ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಯಿಗೆ ಸೆರಗು ಅಡ್ಡ ಹಿಡಿದರು. ಒಬ್ಬಳು ಎಲ್ಲರಿಗೂ ಕೇಳುವಂತೆ, ಇದೆಂಥಾ ಪದ್ಧತಿ ಎಂದಳು. ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

"ಒಂದ ಕೈ ನನ್ನ ಮಗಂದು, ಒಂದ ಕೈ ಮಮ್ಮಗಳದು," ಎಂದಳು. "ಅದರಾಗ ನಿನ್ನ ಕೈ ಯಾವದೈತಿ ಬೇ?"